ಆಕ್ಷೇಪಣೆ ಯಾರ ಮೇಜಿಗೆ? ಇಂಗ್ಲೆಂಡಿನ ಆಸ್ಪತ್ರೆಗಳು, ಯೋಜನಾ ಮೇಲ್ಮನವಿ ಮತ್ತು ಸಾರ್ವಜನಿಕ ಅಹವಾಲು: 1946–2024

ಇಂಗ್ಲೆಂಡಿನಲ್ಲಿ ಹಿತ್ತಲಿಗೆ 2 ಮೀಟರಿಗಿಂತ ಎತ್ತರದ ಬೇಲಿ ಹಾಕಿಸಬೇಕೆಂದರೆ ಸ್ಥಳೀಯ ಕೌನ್ಸಿಲ್‌ನ ಅನುಮತಿ ಬೇಕು. ಕೌನ್ಸಿಲ್ ಒಪ್ಪದಿದ್ದರೆ ಮನೆಯವರು ಮೇಲ್ಮನವಿ ಹಾಕಬಹುದು. ಆಗ ಎರಡೂ ಕಡೆಗೆ ಸಂಬಂಧವಿಲ್ಲದ ಇನ್‌ಸ್ಪೆಕ್ಟರ್ ಒಬ್ಬರು ಕಡತ ಓದುತ್ತಾರೆ, ಸ್ಥಳಕ್ಕೆ ಬಂದು ಬೇಲಿ ನೋಡುತ್ತಾರೆ, ನೆರೆಮನೆಯವರು ಬರೆದ ತಕರಾರು ಪತ್ರಗಳನ್ನೂ ತೂಗಿ, ಕಾರಣ ಸಮೇತ ಆದೇಶ ಬರೆಯುತ್ತಾರೆ. ಅದೇ ಊರಿನ ಆಸ್ಪತ್ರೆಯ ಹೆರಿಗೆ ವಿಭಾಗವನ್ನು ಮೂವತ್ತು ನಲವತ್ತು ಕಿಲೋಮೀಟರ್ ಆಚೆಗೆ ಸಾಗಿಸಿದರೆ ಇದಾವುದೂ ನಡೆಯಬೇಕಿಲ್ಲ. ಕಟ್ಟಡ ನಿಂತಲ್ಲೇ ನಿಂತಿದೆ, ಅದರ ಬಳಕೆಯೂ ಆಸ್ಪತ್ರೆಯದೇ. ಹಾಗಾಗಿ 1947ರ ಪಟ್ಟಣ ಮತ್ತು ಗ್ರಾಮ ಯೋಜನಾ ಕಾಯ್ದೆಯಿಂದ ಬೆಳೆದುಬಂದ ಕಾನೂನಿನ ಕಣ್ಣಿಗೆ ಅಲ್ಲಿ ಏನೂ ಆಗಿಲ್ಲ. ಸೇವೆ ಕಡಿತದ ವಿರುದ್ಧ ದನಿಯೆತ್ತಲು ಬೇರೊಂದು ದಾರಿಯಿದೆ, ಅದಕ್ಕೆ ಸಾರ್ವಜನಿಕ ಸಮಾಲೋಚನೆ ಎಂದು ಹೆಸರು. ಈ ಎರಡು ದಾರಿಗಳ ಚರಿತ್ರೆಯನ್ನು ಅಕ್ಕಪಕ್ಕ ಇಟ್ಟು ಓದಿದವರು ಕಡಿಮೆ. ಹಾಗೆ ಓದಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಜನರನ್ನು ಕೇಳುವ ಶಾಸ್ತ್ರ ಎರಡೂ ಕಡೆ ನಡೆದಿದೆ. ಆದರೆ ಪ್ರಸ್ತಾವ ತಂದವರೇ ಆಕ್ಷೇಪಣೆಯನ್ನೂ ಆಲಿಸಿದ ಕಡೆ ಕೇಳಿದ್ದರ ಗುರುತು ತೀರ್ಮಾನದಲ್ಲಿ ಉಳಿದಿಲ್ಲ, ಮೂರನೆಯವರೊಬ್ಬರು ಆಲಿಸಿದ ಕಡೆ ಅಷ್ಟಿಷ್ಟಾದರೂ ಉಳಿದಿದೆ.

ಭೂಬಳಕೆಯ ವಿಚಾರದಲ್ಲಿಯೂ ಈ ಮೂರನೆಯವರು ಸುಲಭವಾಗಿ ಬಂದವರಲ್ಲ. 1946ರ ಮೇ ತಿಂಗಳಲ್ಲಿ ಯೋಜನಾ ಮಂತ್ರಿ ಲೂಯಿಸ್ ಸಿಲ್ಕಿನ್ ಸ್ಟೀವನೇಜ್‌ನ ಟೌನ್ ಹಾಲ್‌ಗೆ ಬಂದರು. ಸುಮಾರು 6,000 ಜನರ ಊರನ್ನು 60,000 ಜನರ ಹೊಸ ಪಟ್ಟಣ ಮಾಡುವ ಯೋಜನೆ ಅವರ ಕೈಯಲ್ಲಿತ್ತು. ಸಭೆ ಗೇಲಿ ಮಾಡಿತು. ನೀವು ಎಷ್ಟೇ ಗೇಲಿ ಮಾಡಿದರೂ ಇದು ಆಗಿಯೇ ತೀರುತ್ತದೆ ಎಂಬರ್ಥದ ಮಾತನ್ನು ಮಂತ್ರಿ ಆಡಿದರು. ಹೊರಗೆ ಅವರ ಕಾರಿನ ಟೈರುಗಳ ಗಾಳಿ ಬಿಡಲಾಗಿತ್ತು. ಮುಂದೆ ರೈಲು ನಿಲ್ದಾಣದಲ್ಲಿ ಊರಿನ ಹೆಸರಿದ್ದ ಜಾಗದಲ್ಲಿ ‘ಸಿಲ್ಕಿನ್‌ಗ್ರಾಡ್’ ಎಂಬ ಫಲಕ ಕಾಣಿಸಿಕೊಂಡಿತು. ಹೊಸ ಪಟ್ಟಣಗಳ ಕಾಯ್ದೆಗೆ ಆಗಿನ್ನೂ ಅಂಕಿತವೇ ಬಿದ್ದಿರಲಿಲ್ಲ. ಅಂಕಿತ ಬಿದ್ದ ಮೇಲೆ ಸಾರ್ವಜನಿಕ ವಿಚಾರಣೆ ಕ್ರಮಪ್ರಕಾರ ನಡೆಯಿತು, ಅದೇ ಮಂತ್ರಿ ಆದೇಶವನ್ನು ಸ್ಥಿರಪಡಿಸಿದರು. ಮೊದಲೇ ತೀರ್ಮಾನಿಸಿ ಬಂದವರು ನ್ಯಾಯವಾಗಿ ಆಲಿಸುವುದು ಹೇಗೆಂದು ನಿವಾಸಿಗಳು ಕೋರ್ಟಿಗೆ ಹೋದರು. ಕೆಳಗಿನ ನ್ಯಾಯಾಧೀಶರು ಅವರ ಮಾತು ಒಪ್ಪಿದರೂ 1947ರಲ್ಲಿ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ: ಇದು ಆಡಳಿತದ ಕೆಲಸ, ಮಂತ್ರಿಯಿಂದ ನ್ಯಾಯಾಧೀಶನ ನಿಷ್ಪಕ್ಷಪಾತವನ್ನು ಬಯಸುವಂತಿಲ್ಲ ಎಂದಿತು. ಈ ನಿಲುವು ಸಡಿಲವಾಗಲು ಹತ್ತು ವರ್ಷ ಬೇಕಾಯಿತು. 1957ರ ಫ್ರಾಂಕ್ಸ್ ಸಮಿತಿ ಮುಕ್ತತೆ, ನ್ಯಾಯ, ನಿಷ್ಪಕ್ಷಪಾತ ಎಂಬ ಮೂರು ಅಳತೆಗೋಲುಗಳನ್ನು ಮುಂದಿಟ್ಟಿತು. ಅಲ್ಲಿಯವರೆಗೆ ಗುಟ್ಟಾಗಿರುತ್ತಿದ್ದ ಇನ್‌ಸ್ಪೆಕ್ಟರ್ ವರದಿಗಳು ಬಹಿರಂಗವಾದವು. 1968ರ ಕಾಯ್ದೆಯ ನಂತರ ಮೇಲ್ಮನವಿಗಳ ತೀರ್ಮಾನವೇ ಇನ್‌ಸ್ಪೆಕ್ಟರುಗಳ ಕೈಗೆ ಹೋಗತೊಡಗಿತು. ಇದರ ಮಿತಿಯನ್ನೂ ಹೇಳಬೇಕು. ಮೇಲ್ಮನವಿಯ ಹಕ್ಕು ಅರ್ಜಿದಾರನದು ಮಾತ್ರ, ಪಕ್ಕದ ಮನೆಯವನಿಗೆ ಅದು ಇಂದಿಗೂ ಇಲ್ಲ. ಆದರೂ ಒಬ್ಬರ ಹಕ್ಕಿಗಾಗಿ ಕಟ್ಟಿದ ವ್ಯವಸ್ಥೆಯೊಳಗೆ ಉಳಿದವರ ಮಾತಿಗೂ ಜಾಗ ಸಿಕ್ಕಿತು. (ಕರ್ನಾಟಕದ 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೂ ಇದೇ ವಂಶದ್ದು. ಮಹಾಯೋಜನೆಯ ಕರಡಿಗೆ ಕರೆಯುವ ಆಕ್ಷೇಪಣೆಗಳು ನಮ್ಮಲ್ಲಿ ಯೋಜನೆ ರೂಪಿಸಿದ ಪ್ರಾಧಿಕಾರದ ಮೇಜಿಗೇ ಬಂದು ಬೀಳುತ್ತವೆ, ಓದುಗರು ಹೋಲಿಸಿಕೊಳ್ಳಬಹುದು.)

ಆಸ್ಪತ್ರೆಗಳ ಕಥೆ ಬೇರೆ ಕಡೆಯಿಂದ ಶುರುವಾಗುತ್ತದೆ. 1948ರ ಜುಲೈ 5ರಂದು ನ್ಯಾಷನಲ್ ಹೆಲ್ತ್ ಸರ್ವಿಸ್ ಜಾರಿಗೆ ಬಂದಾಗ ದಾನಿಗಳು, ನಗರಸಭೆಗಳು ನಡೆಸುತ್ತಿದ್ದ ಆಸ್ಪತ್ರೆಗಳು ಸರ್ಕಾರದ ವಶವಾದವು. ಊರವರು ಚಂದಾ ಎತ್ತಿ ಕಟ್ಟಿದ ಆಸ್ಪತ್ರೆಯ ಮೇಲೆ ಊರಿಗೆ ಪ್ರೀತಿ ಉಳಿಯಿತು, ಹಿಡಿತ ಉಳಿಯಲಿಲ್ಲ. 1962ರಲ್ಲಿ ಆರೋಗ್ಯ ಮಂತ್ರಿ ಇನಾಕ್ ಪೊವೆಲ್ ಮಂಡಿಸಿದ ಆಸ್ಪತ್ರೆ ಯೋಜನೆ 90 ಹೊಸ ಆಸ್ಪತ್ರೆಗಳನ್ನು ಕಟ್ಟಿ, 134 ಆಸ್ಪತ್ರೆಗಳನ್ನು ದೊಡ್ಡ ಪ್ರಮಾಣದಲ್ಲಿ ನವೀಕರಿಸುವ ಮಾತಾಡಿತು. ಒಂದರಿಂದ ಒಂದೂವರೆ ಲಕ್ಷ ಜನರಿಗೆ 600ರಿಂದ 800 ಹಾಸಿಗೆಯ ಒಂದು ಜಿಲ್ಲಾ ಆಸ್ಪತ್ರೆ ಎಂಬ ಲೆಕ್ಕದ ಇನ್ನೊಂದು ಮುಖವೆಂದರೆ ಸಣ್ಣ ಆಸ್ಪತ್ರೆಗಳು ಮುಚ್ಚಬೇಕು. ಆ ಮುಚ್ಚುವಿಕೆಗೆ ತಕರಾರು ಹೇಳುವ ಕಾನೂನುಬದ್ಧ ಜಾಗ ಸಿಕ್ಕಿದ್ದು 1974ರಲ್ಲಿ, ಸಮುದಾಯ ಆರೋಗ್ಯ ಮಂಡಳಿಗಳ ಮೂಲಕ. ಸದಸ್ಯರಲ್ಲಿ ಅರ್ಧದಷ್ಟು ಜನ ಸ್ಥಳೀಯ ಕೌನ್ಸಿಲ್‌ಗಳಿಂದ, ಮೂರನೇ ಒಂದು ಭಾಗ ಸ್ವಯಂಸೇವಾ ಸಂಸ್ಥೆಗಳಿಂದ ಬರುತ್ತಿದ್ದರು. ಬಜೆಟ್ ಪುಡಿಗಾಸು. ಆದರೆ ಮಂಡಳಿ ಪರ್ಯಾಯ ಪ್ರಸ್ತಾವದೊಂದಿಗೆ ಬೇಡವೆಂದರೆ ಆರೋಗ್ಯ ಪ್ರಾಧಿಕಾರ ತಾನಾಗಿ ಬಾಗಿಲು ಹಾಕುವಂತಿರಲಿಲ್ಲ, ಕಡತ ಮಂತ್ರಿಯ ಮೇಜಿಗೆ ಹೋಗಲೇಬೇಕಿತ್ತು. ಮಂತ್ರಿ ನಿಜವಾದ ಮೂರನೆಯವರಲ್ಲ, ಪ್ರಾಧಿಕಾರದ ಹಣವೂ ನೀತಿಯೂ ಅವರವೇ. ಮಂಡಳಿಗೆ ದಕ್ಕಿದ್ದು ತಡೆಹಿಡಿಯುವ ಬಲವಷ್ಟೆ.

ಆ ಬಲದ ಪೊಳ್ಳು ಬಯಲಾದದ್ದು ಕಿಡರ್‌ಮಿನ್‌ಸ್ಟರ್‌ನಲ್ಲಿ. 1998ರಲ್ಲಿ ವೂಸ್ಟರ್‌ಶೈರ್ ಆರೋಗ್ಯ ಪ್ರಾಧಿಕಾರ ಅಲ್ಲಿನ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗವನ್ನು ಮುಚ್ಚಿ, ಸುಮಾರು 24 ಕಿಲೋಮೀಟರ್ ದೂರದ ವೂಸ್ಟರ್‌ನಲ್ಲಿ ಖಾಸಗಿ ಬಂಡವಾಳದಿಂದ ಏಳಲಿದ್ದ ಹೊಸ ಆಸ್ಪತ್ರೆಯಲ್ಲಿ ಸೇವೆಗಳನ್ನು ಒಗ್ಗೂಡಿಸುವ ಪ್ರಸ್ತಾವ ತಂದಿತು. ಸಮಾಲೋಚನೆ ನಡೆಯಿತು, ಊರು ಬೀದಿಗಿಳಿಯಿತು, ಮಂತ್ರಿ ಪ್ರಸ್ತಾವದ ಪರ ನಿಂತರು, ಸಮುದಾಯ ಮಂಡಳಿ ಕೋರ್ಟಿನಲ್ಲಿ ಸೋತಿತು. 2000ದಲ್ಲಿ ವಿಭಾಗ ಮುಚ್ಚಿತು; ವೂಸ್ಟರ್‌ನ ಹೊಸ ಆಸ್ಪತ್ರೆ ತೆರೆದದ್ದು 2002ರಲ್ಲಿ. ಎಲ್ಲೂ ಕಿವಿ ಸಿಗದ ಆಕ್ಷೇಪಣೆ ಮತಪೆಟ್ಟಿಗೆಗೆ ನುಗ್ಗಿತು. ಅದೇ ಆಸ್ಪತ್ರೆಯ ನಿವೃತ್ತ ವೈದ್ಯ ರಿಚರ್ಡ್ ಟೇಲರ್ 2001ರ ಚುನಾವಣೆಯಲ್ಲಿ ಸ್ಪರ್ಧಿಸಿ 28,487 ಮತ ಪಡೆದು, 17,630 ಮತಗಳ ಅಂತರದಿಂದ ಆಡಳಿತ ಪಕ್ಷದ ಕಿರಿಯ ಮಂತ್ರಿ ಡೇವಿಡ್ ಲಾಕ್ ಅವರನ್ನು ಸೋಲಿಸಿದರು. ಇದು ಜನಾಭಿಪ್ರಾಯದ ಗೆಲುವೆಂದು ಬರೆದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ತುರ್ತು ವಿಭಾಗ ಮರಳಿ ಬರಲಿಲ್ಲ. ಆದರೆ ಸರ್ಕಾರಕ್ಕೆ ಹೆದರಿಕೆ ಹುಟ್ಟಿತು, ಆ ಹೆದರಿಕೆಯಿಂದಲೇ ಮುಂದಿನ ವ್ಯವಸ್ಥೆ ಬಂದಿರಬೇಕೆಂದು ಊಹಿಸಲು ಅಡ್ಡಿಯಿಲ್ಲ. 2003ರಲ್ಲಿ ಇಂಗ್ಲೆಂಡಿನ ಸಮುದಾಯ ಮಂಡಳಿಗಳನ್ನು ರದ್ದು ಮಾಡಿದ ಸರ್ಕಾರವೇ, ಚುನಾಯಿತ ಕೌನ್ಸಿಲ್‌ಗಳ ಪರಿಶೀಲನಾ ಸಮಿತಿಗಳಿಗೆ ವಿವಾದವನ್ನು ಮಂತ್ರಿಗೆ ಒಪ್ಪಿಸುವ ಅಧಿಕಾರ ಕೊಟ್ಟು, ಮಂತ್ರಿಗೆ ಸಲಹೆ ನೀಡಲು ಸ್ವತಂತ್ರ ಪುನರ್ರಚನಾ ಮಂಡಲಿಯೊಂದನ್ನು ನೇಮಿಸಿತು. ಫ್ರಾಂಕ್ಸ್ ಸಮಿತಿ ಭೂಮಿಯ ವಿಚಾರದಲ್ಲಿ ಹೇಳಿದ್ದು ಆಸ್ಪತ್ರೆಯ ಹೊಸ್ತಿಲು ತುಳಿಯಲು ನಲವತ್ತಾರು ವರ್ಷ ಹಿಡಿಯಿತು.

ಮಂಡಲಿಯ ಬೆಲೆ ಗೊತ್ತಾಗುವುದು ಬ್ಯಾನ್‌ಬರಿಯ ಹಾರ್ಟನ್ ಆಸ್ಪತ್ರೆಯ ಪ್ರಕರಣದಲ್ಲಿ. ಅಲ್ಲಿನ ತಜ್ಞವೈದ್ಯರ ಹೆರಿಗೆ ಸೇವೆಯನ್ನೂ ಮಕ್ಕಳ ಒಳರೋಗಿ ವಿಭಾಗವನ್ನೂ ಆಕ್ಸ್‌ಫರ್ಡ್‌ನ ದೊಡ್ಡ ಆಸ್ಪತ್ರೆಗೆ ಸೇರಿಸುವ ಪ್ರಸ್ತಾವದ ಮೇಲೆ ಸಮಾಲೋಚನೆ ನಡೆದಿತ್ತು; ಪ್ರಸ್ತಾವ ತಂದವರು ಮನಸ್ಸು ಬದಲಿಸಿರಲಿಲ್ಲ. ಕೌನ್ಸಿಲ್ ಸಮಿತಿ ವಿವಾದವನ್ನು ಮೇಲಕ್ಕೆ ಒಪ್ಪಿಸಿತು. 2008ರಲ್ಲಿ ಮಂಡಲಿ ವರ್ಗಾವಣೆ ಬೇಡವೆಂದಿತು, ಮಂತ್ರಿ ಅಲನ್ ಜಾನ್ಸನ್ ಒಪ್ಪಿದರು. ವಾದ ತಿರುಗಿದ್ದು ವೈದ್ಯಶಾಸ್ತ್ರದ ಮೇಲಲ್ಲ, ರಸ್ತೆಯ ಮೇಲೆ. ಬ್ಯಾನ್‌ಬರಿಯಿಂದ ಆಕ್ಸ್‌ಫರ್ಡ್‌ಗೆ ಮೂವತ್ತೇಳು ಕಿಲೋಮೀಟರ್ ಎಂಬುದು ನಕ್ಷೆಯ ಮಾತು. ನೋವು ಶುರುವಾದ ಗರ್ಭಿಣಿಗೆ, ಕಾರಿಲ್ಲದ ಮನೆಗೆ, ಬೆಳಗಿನ ದಟ್ಟಣೆಯ ಹೊತ್ತಿಗೆ ಆ ದೂರ ಎಷ್ಟಾಗುತ್ತದೆ ಎಂಬುದು ಊರವರಿಗೆ ಗೊತ್ತಿದ್ದ ಜ್ಞಾನ. ಸಮಾಲೋಚನೆಯಲ್ಲಿ ‘ಭಾವನೆ’ ಎನಿಸಿಕೊಳ್ಳುವ ಇಂಥ ಮಾತು ಹೊರಗಿನವರು ಆಲಿಸಿದಾಗ ಸಾಕ್ಷ್ಯವಾಯಿತು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2016ರ ಅಕ್ಟೋಬರಿನಲ್ಲಿ ವೈದ್ಯರ ಕೊರತೆಯೆಂಬ ಕಾರಣಕ್ಕೆ ಪ್ರಸೂತಿ ತಜ್ಞರ ಸೇವೆ ‘ತಾತ್ಕಾಲಿಕವಾಗಿ’ ನಿಂತು, ಸೂಲಗಿತ್ತಿ ನರ್ಸ್‌ಗಳ ಘಟಕ ಮಾತ್ರ ಉಳಿಯಿತು. ಆಮೇಲಿನ ಸಮಾಲೋಚನೆಯ ವಿರುದ್ಧ ಕೌನ್ಸಿಲ್‌ಗಳು ಹೂಡಿದ ದಾವೆ 2017ರಲ್ಲಿ ವಜಾ ಆಯಿತು. ಮಂಡಲಿ ಇನ್ನಷ್ಟು ಪರಿಶೀಲನೆ ಬೇಕೆಂದಿತು. 2019ರಲ್ಲಿ ತಾತ್ಕಾಲಿಕವೇ ಶಾಶ್ವತವೆಂದು ತೀರ್ಮಾನವಾಯಿತು. ಕೊರತೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಬಾಗಿಲು ಮುಚ್ಚಿದ ಮೇಲೆ ಶುರುವಾಗುವ ವಿಚಾರಣೆಯಲ್ಲಿ ಸಾಬೀತಿನ ಹೊರೆ ಊರಿನ ಹೆಗಲಿಗೆ ಬೀಳುತ್ತದೆ.

ಹೀಗಾಗದಿರಲಿ ಎಂದೇ ಕೋರ್ಟುಗಳಿಲ್ಲವೇ ಎಂದು ಕೇಳಬಹುದು. 1985ರಲ್ಲಿ ಲಂಡನ್ನಿನ ಬ್ರೆಂಟ್‌ನ ಶಾಲೆಗಳ ಕುರಿತ ಗನ್ನಿಂಗ್ ಪ್ರಕರಣದಲ್ಲಿ ವಕೀಲ ಸ್ಟೀಫನ್ ಸೆಡ್ಲಿ ಮುಂದಿಟ್ಟ ನಾಲ್ಕು ಸೂತ್ರಗಳು ಇಂದು ಅಲ್ಲಿನ ಕಾನೂನು: ಪ್ರಸ್ತಾವ ಎಳೆಯದಾಗಿರುವಾಗಲೇ ಕೇಳಬೇಕು, ಸಾಕಷ್ಟು ಕಾರಣ ತಿಳಿಸಬೇಕು, ಸಮಯ ಕೊಡಬೇಕು, ಬಂದ ಉತ್ತರಗಳನ್ನು ಮನಸ್ಸಿಟ್ಟು ಪರಿಗಣಿಸಬೇಕು. 1999ರಲ್ಲಿ ಎಕ್ಸೆಟರ್‌ನ ಮಾರ್ಡನ್ ಹೌಸ್ ಪ್ರಕರಣದ ಮೂಲಕ ಇವು ಆರೋಗ್ಯ ಸೇವೆಗೂ ಗಟ್ಟಿಯಾಗಿ ಅನ್ವಯವಾದವು. ಆದರೆ ಕೋರ್ಟು ನೋಡುವುದು ಕ್ರಮವನ್ನು, ಅಧಿಕಾರದ ಎಲ್ಲೆಯನ್ನು. ಲೂಯಿಶಮ್ ಇದಕ್ಕೆ ತಕ್ಕ ಉದಾಹರಣೆ. ಆಸ್ಪತ್ರೆಗಳನ್ನು ನಡೆಸುವ ನೆರೆಯ ಟ್ರಸ್ಟ್ ಸಾಲದಲ್ಲಿ ಮುಳುಗಿದಾಗ ನೇಮಕವಾದ ವಿಶೇಷ ಆಡಳಿತಾಧಿಕಾರಿ, ಸಾಲವಿಲ್ಲದ ಲೂಯಿಶಮ್ ಆಸ್ಪತ್ರೆಯ ಸೇವೆಗಳನ್ನೇ ಕತ್ತರಿಸಲು ಶಿಫಾರಸು ಮಾಡಿದರು. ಜನರನ್ನು ಕೇಳಲು ಕಾಯ್ದೆ ಕೊಟ್ಟಿದ್ದು 30 ಕೆಲಸದ ದಿನಗಳು. 2013ರ ಜುಲೈಯಲ್ಲಿ ಹೈಕೋರ್ಟ್, ಅಕ್ಟೋಬರಿನಲ್ಲಿ ಮೇಲ್ಮನವಿ ಕೋರ್ಟ್ ಊರಿನ ಪರ ತೀರ್ಪಿತ್ತವು. ಮುಖ್ಯ ಕಾರಣ, ಬೇರೆ ಟ್ರಸ್ಟ್‌ನ ಆಸ್ಪತ್ರೆಗೆ ಕೈಹಾಕುವ ಅಧಿಕಾರ ಕಾಯ್ದೆಯಲ್ಲಿ ಇರಲಿಲ್ಲ. ಇಲ್ಲದ ಅಧಿಕಾರವನ್ನು ಸಂಸತ್ತು 2014ರ ಕೇರ್ ಕಾಯ್ದೆಯಲ್ಲಿ ಬರೆದುಕೊಂಡಿತು.

ಈ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ವೈದ್ಯರದು. 2010ರಲ್ಲಿ ಲಂಡನ್ ತನ್ನ ಪಾರ್ಶ್ವವಾಯು ಚಿಕಿತ್ಸೆಯ ಮೊದಲ ಹಂತವನ್ನು ಸುಮಾರು 30 ಆಸ್ಪತ್ರೆಗಳಿಂದ 8 ವಿಶೇಷ ಘಟಕಗಳಿಗೆ ಇಳಿಸಿತು, ಸಾವುಗಳು ಕಡಿಮೆಯಾದವು. ಊರೂರಿನ ಪ್ರೀತಿಗೆ ಮಣಿದಿದ್ದರೆ ಜೀವಗಳು ಹೋಗುತ್ತಿದ್ದವು. ಮಾತು ನಿಜ, ಆದರೆ ಆ ಯೋಜನೆ ಹೊರಟದ್ದೇ ಯಾವ ಲಂಡನ್ ವಾಸಿಯೂ ಆಂಬುಲೆನ್ಸಿನಲ್ಲಿ 30 ನಿಮಿಷ ಮೀರಬಾರದೆಂಬ ಷರತ್ತಿನಿಂದ. ಬ್ಯಾನ್‌ಬರಿ ಎತ್ತಿದ ಪ್ರಶ್ನೆಗೆ ಅಲ್ಲಿ ಮೊದಲೇ ಉತ್ತರವಿತ್ತು. ಇನ್ನೊಂದು ಆಕ್ಷೇಪ, ಗದ್ದಲ ಮಾಡಬಲ್ಲವರೇ ಗೆಲ್ಲುತ್ತಾರೆ ಎಂಬುದು. ಸಹಿ ಎಣಿಸುವ ಸಮಾಲೋಚನೆಯಲ್ಲಿ ಆ ಅಪಾಯ ಖಂಡಿತ ಇದೆ. ಯೋಜನಾ ಇನ್‌ಸ್ಪೆಕ್ಟರ್ ಮುಂದೆ ಸಾವಿರ ಸಹಿಗಿಂತ ಒಂದು ಸರಿಯಾದ ಕಾರಣ ತೂಕದ್ದು. ಗದ್ದಲವನ್ನು ಸೋಸುವ ಜರಡಿ ಅದು. ವಿಳಂಬದ ದೂರೂ ಇದೆ. ಮಂಡಲಿಯ ಪರಿಶೀಲನೆ ತಿಂಗಳುಗಳಲ್ಲಿ ಮುಗಿಯುತ್ತಿತ್ತು. ಅಂಥ ಮಂಡಲಿಯಿಲ್ಲದ ಕಾಲದ ಕಿಡರ್‌ಮಿನ್‌ಸ್ಟರ್‌ನ ಜಗಳ ವರ್ಷಗಟ್ಟಲೆ ಎಳೆದು ಒಂದು ಸಂಸತ್ ಸ್ಥಾನವನ್ನೇ ನುಂಗಿತು.

2022ರ ಆರೋಗ್ಯ ಮತ್ತು ಆರೈಕೆ ಕಾಯ್ದೆ ಈ ಜೋಡಣೆಯನ್ನು ಬಿಚ್ಚಿತು. 2024ರ ಜನವರಿ 31ರಿಂದ ಕೌನ್ಸಿಲ್ ಸಮಿತಿಗಳಿಗಿದ್ದ ಒಪ್ಪಿಸುವ ಅಧಿಕಾರ ಹೋಗಿದೆ. ಮಂತ್ರಿ ಬೇಕೆಂದಾಗ ಯಾವ ಪ್ರಸ್ತಾವವನ್ನಾದರೂ ತಾನೇ ಕರೆಸಿಕೊಂಡು ತೀರ್ಮಾನಿಸಬಹುದು. ಕೌನ್ಸಿಲ್ ಈಗ ಮಾಡಬಹುದಾದದ್ದು, ದಯವಿಟ್ಟು ಇದನ್ನು ಕರೆಸಿಕೊಳ್ಳಿ ಎಂದು ವಿನಂತಿ ಪತ್ರ ಬರೆಯುವುದು. ಬರೆಯುವ ಅವಕಾಶ ಊರಿನ ಯಾರಿಗಾದರೂ ಇದೆ, ಕರೆಸಿಕೊಳ್ಳಲೇಬೇಕೆಂಬ ಕಟ್ಟು ಮಂತ್ರಿಗೆ ಇಲ್ಲ. ಹಿತ್ತಲ ಬೇಲಿಯ ಮೇಲ್ಮನವಿಗೆ ಮಾತ್ರ ಇನ್‌ಸ್ಪೆಕ್ಟರ್ ಇನ್ನೂ ಬರುತ್ತಾರೆ.