ಪುರದ ದೀಪ, ಕೊಟ್ಟಿಗೆಯ ಅನಿಲ



ಕೆಂಗೇರಿಯ ಆಸುಪಾಸಿನಲ್ಲೋ ವಿಜಯನಗರದ ಹಿತ್ತಲಲ್ಲೋ ಎರಡು ಹಸು ಕಟ್ಟಿಕೊಂಡಿದ್ದೀರಿ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕುತ್ತೀರಿ. ಸಗಣಿಯನ್ನೇನು ಮಾಡುತ್ತೀರಿ? ಜಾಗವಿಲ್ಲವೆಂದು ಮೋರಿಗೆ ತೊಳೆದುಬಿಟ್ಟರೆ ಅದು ವೃಷಭಾವತಿಯನ್ನು ಸೇರುತ್ತದೆ. ಗಾಳಿಯಾಡದ ಕೆಸರಿನಲ್ಲಿ ಕೊಳೆತ ಸಗಣಿಯಿಂದ ಮೀಥೇನ್ ಎಂಬ ಅನಿಲ ಹೊರಡುತ್ತದೆ. ಇದು ಭೂಮಿಗೆ ಹೊದಿಸಿದ ಕಂಬಳಿಯಿದ್ದಂತೆ, ಶಾಖವನ್ನು ಹೊರಗೆ ಬಿಡುವುದಿಲ್ಲ. ನೂರು ವರ್ಷದ ಲೆಕ್ಕದಲ್ಲಿ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು ಬಿಸಿ ಮಾಡುತ್ತದೆ. ಅದನ್ನೇ ಹಿಡಿದು ಉರಿಸಿದರೆ ಅಡುಗೆಯಾಗುತ್ತದೆ, ಉಳಿದ ಬಗ್ಗಡ ಗೊಬ್ಬರವಾಗುತ್ತದೆ.

"ಗೋಬರ್ ಗ್ಯಾಸ್ ತಾನೇ, ಗೊತ್ತಿರೋದೇ ಬಿಡಿ" ಅಂತೀರಿ. ಗೊತ್ತಿದ್ದರೂ ಅದು ಅನೇಕ ಕಡೆ ಏಕೆ ನೆಲೆಯೂರಲಿಲ್ಲ? ನಿಮ್ಮ ಮಾಗಡಿ ರಸ್ತೆಯನ್ನೇ ಹಿಡಿದು, ಮಾಗಡಿ ದಾಟಿ ಕುಣಿಗಲ್ ತಾಲ್ಲೂಕಿಗೆ ಹೋದರೆ ಪುರ ಎಂಬ ಚಿಕ್ಕ ಹಳ್ಳಿಯಿದೆ. ಉತ್ತರ ಅಲ್ಲಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಹಳ್ಳಿಗೆ ಒಪ್ಪುವ ತಂತ್ರವನ್ನು ಹಳ್ಳಿಯವರೊಡನೆಯೇ ರೂಪಿಸಬೇಕೆಂಬುದು ಅದನ್ನು ಕಟ್ಟಿದ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಹಂಬಲ. ಅವರ ತಂಡ ಪುರದಲ್ಲಿ ಊರಿಗೆಲ್ಲ ಒಂದೇ ಸಗಣಿ ಅನಿಲ ಸ್ಥಾವರವನ್ನು ಕಟ್ಟಿತು. ಮನೆಮನೆಗೂ ಅಡುಗೆ ಅನಿಲ ಕೊಡಬೇಕೆಂಬುದು ಮೊದಲ ಗುರಿ. ಆದರೆ ಎಲ್ಲರ ಒಲೆಗೂ ಅನಿಲ ಸಾಲಲಿಲ್ಲ. ಸೌದೆಯಂತೂ ಕಾಸಿಲ್ಲದೆ ಆಯ್ದು ತರುವ ವಸ್ತುವಾಗಿತ್ತು. ಪ್ರಯತ್ನ ಬಿದ್ದುಹೋಯಿತು.

ಅಷ್ಟಕ್ಕೇ ಕೈಬಿಡಲಿಲ್ಲ ನೋಡಿ. ಊರಿನವರಿಗೆ ನಿಜವಾಗಿ ಬೇಕಾಗಿದ್ದು ಕುಡಿಯುವ ನೀರು. 1987ರಲ್ಲಿ ಅದೇ ಅನಿಲವನ್ನು ಸ್ವಲ್ಪ ಡೀಸೆಲ್ಲಿನೊಡನೆ ಎಂಜಿನ್ನಿಗೆ ಕೊಟ್ಟು ವಿದ್ಯುತ್ತು ಮಾಡಿದರು. ಕೊಳವೆ ಬಾವಿಯ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ದೀಪ ಹೊತ್ತಿತು. ಸಗಣಿ ತಂದು ಹಾಕಿದವರಿಗೆ ಕಿಲೋಗೆ 2 ಪೈಸೆ ಕೂಲಿ ಸಿಕ್ಕಿತು, ಬಗ್ಗಡವೂ ಅವರಿಗೇ ಹಿಂದಿರುಗಿತು. ಹೀಗೆ ಹಲವು ವರ್ಷ ನಡೆದು, ಮುಂದೆ ಅದೂ ನಿಂತಿತು. ಆದರೆ ಪಾಠ ನಿಲ್ಲಲಿಲ್ಲ: ಮನೆಯವರ ಅಗತ್ಯಕ್ಕೆ ಹೊಂದಿದ್ದು ಮಾತ್ರ ಉಳಿಯುತ್ತದೆ.

ಶಿರಸಿಯ ಕಡೆ ಹೋಗಿ ಕೇಳಿ. ಅಲ್ಲಿನ ಅಡಿಕೆ ಬೆಳೆಗಾರರ ಹಿತ್ತಲುಗಳಲ್ಲಿ ಸ್ಥಾವರಗಳು ಚೆನ್ನಾಗಿ ನಡೆದವು. ಕೊಟ್ಟಿಗೆಯಲ್ಲಿ ಸಗಣಿ, ತೋಟಕ್ಕೆ ಗೊಬ್ಬರದ ಅಗತ್ಯ, ಕೆಟ್ಟರೆ ಬಂದು ನೋಡುವ ಕಸುಬುದಾರರು, ಈ ಮೂರೂ ಒಂದೆಡೆ ಕೂಡಿದ್ದವು.

ಇನ್ನೊಂದು ಮಾತು ಬಚ್ಚಿಡಬಾರದು. ಹಸುವಿನ ಮೀಥೇನಿನ ಹೆಚ್ಚು ಪಾಲು ಸಗಣಿಯಿಂದಲ್ಲ, ಮೆಲುಕು ಹಾಕುವಾಗ ತೇಗಿನಲ್ಲಿ ಬಾಯಿಂದ ಬರುವಂಥದು. ಅದು ಮೇವಿನ ಶಕ್ತಿಯೇ ಗಾಳಿಗೆ ಹೋದಂತೆ, ಅಂದರೆ ನಿಮಗೂ ನಷ್ಟ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಟ್ಯಾನಿನ್ ಎಂಬ ಒಗರು ಸತ್ವವಿರುವ ಗಿಡಮೂಲ ವಸ್ತುಗಳಿಂದ 'ಹರಿತ್ ಧಾರಾ' ಎಂಬ ಪುಡಿಯನ್ನು ಸಿದ್ಧಪಡಿಸಿದ್ದಾರೆ. ಅದು 2021ರಲ್ಲಿ ಹೊರಬಂತು. ಮೇವಿನೊಡನೆ ಕೊಟ್ಟರೆ ಮೀಥೇನ್ ಶೇಕಡಾ 17ರಿಂದ 20ರಷ್ಟು ತಗ್ಗುತ್ತದೆಂದು ಅವರ ಹೇಳಿಕೆ. ಹಸಿರು ಮೇವು, ಹದವಾದ ಹಿಂಡಿ ಕೊಟ್ಟು ಸಾಕಿದರೂ ಲೀಟರು ಹಾಲಿಗೆ ಬೀಳುವ ಮೀಥೇನ್ ಇಳಿಯುತ್ತದೆ.

ಹಾಗಾದರೆ ಏನು ಮಾಡೋಣ? ಮೊದಲು ಮೋರಿಗೆ ಸಗಣಿ ಬಿಡುವುದನ್ನು ನಿಲ್ಲಿಸೋಣ. 25 ಕಿಲೋ ಸಗಣಿಗೆ ಅಷ್ಟೇ ನೀರು ಕಲಸಿ ದಿನವೂ ಹಾಕಿದರೆ ಸುಮಾರು 1 ಘನ ಮೀಟರ್ ಅನಿಲ ದೊರೆಯುತ್ತದೆ. ಜಾಗವಿಲ್ಲದವರು ನಾಲ್ಕಾರು ಮನೆ ಸೇರಿ ಯೋಚಿಸಿ. ಆದರೆ ಕೊಳವೆ ಸೋರದಂತೆ ನೋಡಿಕೊಳ್ಳಿ, ಸೋರಿದರೆ ಮಾಡಿದ ಪುಣ್ಯವೆಲ್ಲ ಗಾಳಿಪಾಲು. ಸ್ಥಾವರ ಕಟ್ಟುವ ಮೊದಲು ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಒಲೆಯ ಕಷ್ಟ ಬಲ್ಲವರು ಅವರು.