ಸೂಜಿ ಹಿಡಿದು ಬಂದ ಸರ್ಕಾರ

ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರದ ಕಡೆ ಐವತ್ತು ದಾಟಿದವರ ರಟ್ಟೆಯ ಮೇಲೆ ಪಾವಲಿಯಷ್ಟು ಅಗಲದ ಕಲೆ ಇನ್ನೂ ಕಾಣಸಿಗುತ್ತದೆ. ಸಿಡುಬಿನ ಲಸಿಕೆಯ ಗುರುತದು. ದಶಕಗಳ ಕಾಲ ಈ ದೇಶದಲ್ಲಿ ಅದನ್ನು ಹಾಕುತ್ತಿದ್ದ ಉಪಕರಣದ ಹೆಸರು ರೋಟರಿ ಲ್ಯಾನ್ಸೆಟ್: ಪುಟ್ಟ ಹಿಡಿಕೆ, ತುದಿಯಲ್ಲೊಂದು ಬಿಲ್ಲೆ, ಬಿಲ್ಲೆಗೆ ಮೊನಚು ಹಲ್ಲುಗಳು. ಚರ್ಮಕ್ಕೆ ಒತ್ತಿ ತಿರುವಿದರೆ ಗಾಯ, ಗಾಯದೊಳಗೆ ಲಸಿಕೆ. ಆಮೇಲೆ ಜ್ವರ, ಬಾವು, ಕೆಲವರಿಗೆ ಕೀವು. ಲಸಿಕೆಯವರು ಬಂದರೆಂದರೆ ತಾಯಂದಿರು ಮಕ್ಕಳನ್ನು ಬಚ್ಚಿಡುತ್ತಿದ್ದರಂತೆ. ಇದನ್ನು ಕಣ್ಣಾರೆ ಕಂಡವರು ಬಚ್ಚಿಡದೆ ಇನ್ನೇನು ಮಾಡಿಯಾರು?

ಅದಕ್ಕೂ ಮುಂಚಿನದು ಇನ್ನೂ ಕಷ್ಟದ ಕಾಲ. ಹತ್ತೊಂಬತ್ತನೆಯ ಶತಮಾನದ ಬಹುಭಾಗ ಲಸಿಕೆ ಮಕ್ಕಳ ತೋಳಿನ ಮೇಲೆಯೇ ಊರಿಂದೂರಿಗೆ ಸಾಗುತ್ತಿತ್ತು. ಒಂದು ಮಗುವಿನ ಗುಳ್ಳೆಯ ರಸ ತೆಗೆದು ಇನ್ನೊಂದಕ್ಕೆ ಹಚ್ಚಬೇಕು. ರಸ ಕೊಡುವ ಮಗು ಸಾಮಾನ್ಯವಾಗಿ ಬಡವರದು. ಯಾವ ಜಾತಿಯ ಕೂಸಿನದೋ ಎಂದು ಮಡಿವಂತರು ಬಾಗಿಲು ಹಾಕಿಕೊಂಡರೆ, ಕೂಸಿಗೆ ಕೇಡಾದೀತೆಂದು ಬಡವರು ಅಂಜಿದರು. ಮುಂದೆ ಕರುವಿನ ಮೈಯಲ್ಲಿ ಲಸಿಕೆ ಬೆಳೆಸಲು ಶುರುವಾದಾಗ (ಬೆಳಗಾವಿಯ ವ್ಯಾಕ್ಸಿನ್ ಡಿಪೋ ಆ ಕಾಲದ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ) ತಕರಾರು ಗೋವಿನ ಕಡೆ ತಿರುಗಿತು.

ಮೈಸೂರಿನಲ್ಲಿ ಅರಮನೆಯೇ ಮೊದಲು ತೋಳು ಒಡ್ಡಿತು. ಥಾಮಸ್ ಹಿಕ್ಕಿ 1805ರಲ್ಲಿ ಬರೆದ ಚಿತ್ರದಲ್ಲಿ ಸೆರಗು ಸರಿಸಿ ನಿಂತಿರುವವಳು ರಾಣಿ ದೇವಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಸುರಪುರದ ಕಥೆ ಬೇರೆ. 1853ರವರೆಗೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಉಸ್ತುವಾರಿ, 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಮತ್ತು ಸಾವು, ಆನಂತರ 1860ರ ಒಪ್ಪಂದದಂತೆ ಸಂಸ್ಥಾನ ನಿಜಾಮರ ಪಾಲು. ಆಳುವವರು ಹೀಗೆ ಮೇಲಿಂದ ಮೇಲೆ ಬದಲಾದ ಸೀಮೆಯಲ್ಲಿ ಸರ್ಕಾರದ ಮನುಷ್ಯನೆಂದರೆ ಜನ ಮೊದಲು ಅನುಮಾನದಿಂದಲೇ ನೋಡಿದರೆ ಅಚ್ಚರಿಯಿಲ್ಲ.

ಇದು ಹಳ್ಳಿಗರ ಅಜ್ಞಾನ ಎಂದು ಮುಗಿಸುವವರು ಇಂಗ್ಲೆಂಡನ್ನು ನೋಡಬೇಕು. ಕಡ್ಡಾಯ ಲಸಿಕೆಯ ವಿರುದ್ಧ 1885ರಲ್ಲಿ ಲೆಸ್ಟರ್ ನಗರದಲ್ಲಿ ಭಾರೀ ಮೆರವಣಿಗೆಯೇ ನಡೆಯಿತು. ನಮ್ಮ ಗಾಂಧೀಜಿಯೂ ಲಸಿಕೆಯನ್ನು ಒಪ್ಪಿದವರಲ್ಲ.

ಭಾರತದ ಕೊನೆಯ ಸಿಡುಬು ರೋಗಿ ಪತ್ತೆಯಾದದ್ದು 1975ರ ಮೇ ತಿಂಗಳಲ್ಲಿ. ಮರುತಿಂಗಳೇ ತುರ್ತು ಪರಿಸ್ಥಿತಿ. ಮನೆಮನೆ ಸುತ್ತಿ ಸಿಡುಬು ಹುಡುಕಿದ ಆರೋಗ್ಯ ಇಲಾಖೆಗೇ ಸಂತಾನಹರಣದ ಟಾರ್ಗೆಟ್ ಬಂತು. 1976-77ರ ಒಂದೇ ವರ್ಷ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಸಿಡುಬನ್ನು ಗೆದ್ದು ಗಳಿಸಿದ ಮರ್ಯಾದೆಯನ್ನು ಸರ್ಕಾರ ಇಷ್ಟು ಬೇಗ ಕಳೆದುಕೊಳ್ಳಬಾರದಿತ್ತು. ‘ಇಂಜೆಕ್ಷನ್ ಮಾಡಿಸಿದ್ರ ಮುಂದ ಮಕ್ಕಳಾಗಂಗಿಲ್ಲ’ ಎಂಬ ಗಾಳಿಮಾತು ಪೋಲಿಯೋ ಹನಿಯ ಕಾಲದಲ್ಲೂ ಹಬ್ಬಿತು. 2017ರ ಫೆಬ್ರುವರಿಯಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಅಭಿಯಾನ ಆರಂಭವಾದಾಗ ಅದೇ ಮಾತು ವಾಟ್ಸ್‌ಆ್ಯಪ್ ಏರಿತು.

ಕೋವಿಡ್ ವೇಳೆಗೆ ಬೆದರಿಕೆಯೂ ಸೇರಿತು. ಲಸಿಕೆ ಹಾಕಿಸಿಕೊಳ್ಳದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ ಎಂದು 2021ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಹೇಳಿತು. ಟೀಕೆ ಬಂದ ಮೇಲೆ, ಅದು ತನ್ನ ತೀರ್ಮಾನವಲ್ಲ ಎಂದು ರಾಜ್ಯ ಸರ್ಕಾರ ಸ್ಪಷ್ಟಪಡಿಸಬೇಕಾಯಿತು.

2009ರ ಕೊನೆಗೆ ಜಿಲ್ಲೆಯಾದ ಯಾದಗಿರಿ, ಲಸಿಕೆ ತಪ್ಪಿದ ಮಕ್ಕಳಿಗಾಗಿ 2014ರಲ್ಲಿ ಶುರುವಾದ ಇಂದ್ರಧನುಷ್ ಅಭಿಯಾನದ ಮೊದಲ ಪಟ್ಟಿಯಲ್ಲೇ ಇತ್ತು. ಹಾಗೆ ತಪ್ಪಿದವರನ್ನೆಲ್ಲ ‘ವಿರೋಧಿಗಳು’ ಎನ್ನಲಾಗದು. ಸುಗ್ಗಿ ಮುಗಿದರೆ ಇಲ್ಲಿನ ತಾಂಡಾ, ದೊಡ್ಡಿಗಳಿಂದ ಸಂಸಾರಗಳು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತವೆ. ಕಟ್ಟಡದ ಬಳಿಯ ತಗಡಿನ ಶೆಡ್ಡಿಗೆ ನರ್ಸಮ್ಮ ಬಂದು ತಾಯಿ ಕಾರ್ಡ್ ಕೇಳಿದರೆ ಅದು ಊರಿನ ಟ್ರಂಕಿನಲ್ಲಿರುತ್ತದೆ. ಯಾವ ಡೋಸ್ ಆಗಿದೆ, ಯಾವುದು ಬಾಕಿ ಎಂದು ಹೇಳುವವರಿಲ್ಲ. ಮಗುವಿನ ಹೆಸರು ಸುರಪುರದ ರಿಜಿಸ್ಟರಿನಲ್ಲಿ ‘ಊರಲ್ಲಿಲ್ಲ’, ಬೆಂಗಳೂರಿನದರಲ್ಲಿ ಹತ್ತಿಯೇ ಇಲ್ಲ.