ಎ ಬದಿಯ ಕೊನೆಯ ಎರಡು ನಿಮಿಷ

ಮಾಸ್ತರರ ಮನೆಯ ಪಡಸಾಲೆಯ ಗೂಡಿನಲ್ಲಿ ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿ ಇದೆ. ಡಬ್ಬಿಯ ತುಂಬ ಕ್ಯಾಸೆಟ್ಟುಗಳು. ಕುಂದಗೋಳ ತಾಲೂಕಿನ ಕನ್ನಡ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದ ಅವರು, ಸವಾಯಿ ಗಂಧರ್ವರ ಪುಣ್ಯತಿಥಿಗೆಂದು ನಾಡಿಗೇರ ವಾಡೆಯಲ್ಲಿ ನಡೆಯುವ ಅಹೋರಾತ್ರಿ ಸಂಗೀತಕ್ಕೆ ವರ್ಷಾ ಹೋಗುತ್ತಿದ್ದರು. ಹೋಗುವಾಗ ಹೆಗಲಿಗೆ ಒಂದು ಟೂ-ಇನ್-ಒನ್. "ಹಾಸಗಿ ಮರತೇನು, ಶೆಲ್ಲು ಮರೀತಿದ್ದಿಲ್ಲ ನೋಡ ತಂಗಿ" ಅಂದರು ಮೊದಲ ಭೇಟಿಯಲ್ಲೇ.

ಖಯಾಲ್ ಗಾಯನದಲ್ಲಿ ರಾಗವಿಸ್ತಾರ ಹೇಗೆ ನಡೆಯುತ್ತದೆ ಎಂಬುದನ್ನು ಧಾರವಾಡ ಸೀಮೆಯ ಮುದ್ರಣಗಳ ಮೂಲಕ ನೋಡುವುದು ನನ್ನ ಪಿಎಚ್‌.ಡಿ. ಕೆಲಸ. ಹೀಗಾಗಿ ನಾನು ಪುಸ್ತಕದ ಕಪಾಟುಗಳಿಗಿಂತ ಜನರ ಮನೆಯ ಅಟ್ಟಗಳನ್ನೇ ಹೆಚ್ಚು ಹುಡುಕಿದ್ದೇನೆ. ಮಾಸ್ತರರ ಡಬ್ಬಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ತೊಂಬತ್ತು ನಿಮಿಷದ ಕ್ಯಾಸೆಟ್. ಚೀಟಿಯ ಮೇಲೆ 'ತೋಡಿ, ಮುಂಜಾನೆ' ಎಂದಷ್ಟೇ ಇದೆ. ಇಸವಿ ಇಲ್ಲ. ಹಾಡಿದವರ ಹೆಸರು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ಇಂಥದೊಂದು ಕ್ಯಾಸೆಟ್ಟಿಗೆ ಇಷ್ಟು ಮಹತ್ವ ಯಾಕೆ ಎಂದು ಕೇಳುವವರಿಗೆ ನಾನು ಮೊದಲು ಸವಾಯಿ ಗಂಧರ್ವರನ್ನೇ ತೋರಿಸುತ್ತೇನೆ. ಹುಬ್ಬಳ್ಳಿ ಹತ್ತಿರದ ಅಮರಗೋಳದಲ್ಲಿ 1886ರಲ್ಲಿ ಹುಟ್ಟಿದ ರಾಮಚಂದ್ರ ಕುಂದಗೋಳಕರ ಸೌಂಶಿ ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರಲ್ಲಿ ಕಲಿತರು. ಖಾನಸಾಹೇಬರು ಕುಂದಗೋಳಕ್ಕೆ ಬಂದಾಗ ಉಳಿದುಕೊಳ್ಳುತ್ತಿದ್ದುದು ಇದೇ ನಾಡಿಗೇರ ವಾಡೆಯಲ್ಲಿ. ಮುಂದೆ ಗಂಗೂಬಾಯಿ ಹಾನಗಲ್ ಪಾಠಕ್ಕೆಂದು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬರುತ್ತಿದ್ದರು. ಗದಗಿನ ಹುಡುಗ ಭೀಮಸೇನ ಗುರುಗಳ ಮನೆಯಲ್ಲೇ ಇದ್ದು ನೀರು ಹೊತ್ತು ಕಲಿತ. ಅಂಥ ಗುರುವಿನ ಹಾಡಿಕೆ ನಮಗೆ ಉಳಿದಿರುವುದು ಯಾವುದರಲ್ಲಿ? ಬಹುಪಾಲು 78 ಆರ್‌ಪಿಎಂ ತಟ್ಟೆಗಳಲ್ಲಿ. ಅದರ ಒಂದು ಬದಿಗೆ ಮೂರು, ಮೂರೂವರೆ ನಿಮಿಷ. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುವವರು ಆ ಮೂರು ನಿಮಿಷದೊಳಗೆ ವಿಲಂಬಿತದ ಒಂದು ರುಚಿ ತೋರಿಸಿ, ನಾಲ್ಕು ತಾನು ಹೊಡೆದು, ಎದ್ದು ಬರಬೇಕು. 1940ರ ದಶಕದ ಆರಂಭದಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು, 1952ರಲ್ಲಿ ತೀರಿಕೊಂಡರು. ಮ್ಯಾಗ್ನೆಟಿಕ್ ಟೇಪು ನಮ್ಮ ಕಡೆ ಕಾಣಿಸಿಕೊಳ್ಳುವ ಹೊತ್ತಿಗೆ ಅವರ ಏರುಕಾಲ ಮುಗಿದಿತ್ತು. ಯಾರ ಹೆಸರಿನಲ್ಲಿ ಕುಂದಗೋಳದಲ್ಲಿ ರಾತ್ರಿಗಳು ಬೆಳಗಾಗುತ್ತವೋ, ಪುಣೆಯಲ್ಲೂ ಒಂದು ಕಾಲಕ್ಕೆ ಬೆಳಗಾಗುತ್ತಿದ್ದವೋ ಅವರದೇ ಒಂದು ಇಡೀ ರಾತ್ರಿ ನಮ್ಮ ಕೈಯಲ್ಲಿಲ್ಲ.

ತಟ್ಟೆಗಳು ಕಡಿಮೆಯವು ಎಂದು ನಾನು ಹೇಳುತ್ತಿಲ್ಲ. ಅಬ್ದುಲ್ ಕರೀಂ ಖಾನರ ಝಿಂಝೋಟಿಯ ತಟ್ಟೆ ಕೇಳಿಯೇ ಹನ್ನೊಂದರ ಭೀಮಸೇನ ಜೋಶಿ 1933ರಲ್ಲಿ ಮನೆ ಬಿಟ್ಟು ಹೊರಟದ್ದು. ಗಂಗೂಬಾಯಿಯವರ ಮೊದಲ ತಟ್ಟೆಗಳನ್ನು ಕೇಳಿದರೆ ಆ ಎಳೆಯ, ಏರು ದನಿಯೂ ನಂತರದ ಆ ಗಂಭೀರ ದನಿಯೂ ಒಬ್ಬರದೇ ಎಂದು ನಂಬುವುದು ಕಷ್ಟ. ಗಂಟಲ ಚಿಕಿತ್ಸೆಗೆ ಮುಂಚಿನ ಅವರ ದನಿಗೆ ಇರುವ ಸಾಕ್ಷಿ ಆ ತಟ್ಟೆಗಳೇ. ಆದರೆ ತಟ್ಟೆಯಲ್ಲಿ ಹಾಡುವವರು ಮೊದಲೇ ಏನನ್ನು ಹಾಡಬೇಕೆಂದು ತೀರ್ಮಾನಿಸಿ ಬಂದಿರುತ್ತಾರೆ. ಎದುರು ಕೂತವರ ಮುಖ ನೋಡಿ, ತಬಲಾದವನ ಒಂದು ಪೆಟ್ಟಿಗೆ ತಿರುಗಿ, ಹೋಗಬೇಕೆಂದಿದ್ದ ದಾರಿ ಬಿಟ್ಟು ಬೇರೆ ದಾರಿ ಹಿಡಿಯುವುದು ಮೆಹಫಿಲ್ಲಿನಲ್ಲಿ ಮಾತ್ರ. ಅದಕ್ಕೆ ದಾಖಲೆಯಿದ್ದರೆ ಮಾಸ್ತರರಂಥವರ ಡಬ್ಬಿಗಳಲ್ಲಿದೆ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ನಮ್ಮ ಸೀಮೆಯ ಗಾಯಕರಿಗೆ ದೊಡ್ಡ ಆಸರೆಯಾಯಿತು, ನಿಜ. ಆದರೆ ಸ್ಟುಡಿಯೋದ ಗೋಡೆಯ ಮೇಲೂ ಗಡಿಯಾರವಿರುತ್ತದೆ.

ಮಾಸ್ತರರ ತೋಡಿಗೆ ಬರುತ್ತೇನೆ. ಸೂರ್ಯ ಮೂಡಿ ಸ್ವಲ್ಪ ಹೊತ್ತಾಗಿರಬೇಕು, ಕಾಗೆಗಳಿವೆ. ಒಂದು ಕೂಸು ಅಳುತ್ತದೆ, ಯಾರೋ ಅದನ್ನು ಹೊರಗೆ ಒಯ್ಯುತ್ತಾರೆ. ದೂರದಲ್ಲಿ ರೈಲಿನ ಸೀಟಿ. ಸಮ್ ಬಂದಾಗಲೆಲ್ಲ ಒಬ್ಬರು "ಹಾಂ" ಎನ್ನುತ್ತಾರೆ, ಸದಾ ಅದೇ ದನಿ. ಅದು ಮಾಸ್ತರರದೇ ಎಂದು ನನಗೆ ಗೊತ್ತಾದದ್ದು ಮೂರನೆಯ ಸಲ ಕೇಳಿದಾಗ. ಗಾಯಕರು ತೋಡಿಯ ಪಂಚಮವನ್ನು ಬಹಳ ಹೊತ್ತು ಮುಟ್ಟುವುದಿಲ್ಲ. ತೋಡಿಯಲ್ಲಿ ಪಂಚಮಕ್ಕೆ ಜಾಗವಿದೆ, ಆದರೆ ಅದನ್ನು ಕಾಯಿಸಿ ಕೊಡುವುದರಲ್ಲಿ ಸೊಗಸು. ಮೂವತ್ತು ನಿಮಿಷ ದಾಟಿತು, ನಲವತ್ತಾಯಿತು, ಪಂಚಮವಿಲ್ಲ. ಅಷ್ಟರಲ್ಲಿ ಟಕ್ ಎಂದು ಎ ಬದಿ ಮುಗಿಯುತ್ತದೆ. ಬಿ ಬದಿ ಶುರುವಾಗುವಾಗ ಗಾಯಕರು ಒಂದು ಮಾತಿನ ಮಧ್ಯದಲ್ಲಿದ್ದಾರೆ, ಕೆಲವೇ ಕ್ಷಣಗಳಲ್ಲಿ ಪಂಚಮ ಬಂದುಬಿಡುತ್ತದೆ, ಏನೂ ವಿಶೇಷವಿಲ್ಲ ಎಂಬಂತೆ.

"ಆ ಮೊದಲನೇ ಪಂಚಮ ನಾ ಕ್ಯಾಸೆಟ್ ತಿರುಗಸೂವಾಗ ಹೋತು" ಅಂದರು ಮಾಸ್ತರರು. "ಮೂವತ್ತೈದ ವರ್ಷ ಆತು, ಇನ್ನೂ ಕಿವ್ಯಾಗ ಅದ." ಅದು ಹೇಗಿತ್ತೆಂದು ಗುನುಗಿಯೂ ತೋರಿಸಿದರು. ನಾನು ಮೊಬೈಲಿನಲ್ಲಿ ಮುದ್ರಿಸಿಕೊಂಡೆ. ಪ್ರಬಂಧದ ಒಂದು ಅಧ್ಯಾಯದಲ್ಲಿ, ಟೇಪಿನಲ್ಲಿ ಕಳೆದುಹೋದದ್ದನ್ನು ಕೇಳುಗರ ನೆನಪು ಹೇಗೆ ಉಳಿಸಿಕೊಂಡಿರುತ್ತದೆ ಎಂದು ಇದರ ಮೇಲೆ ಎರಡು ಪುಟ ಬರೆದೂಬಿಟ್ಟೆ.

ಬರೆದಾದ ಮೇಲೆ, ಇಂಥ ಖಾಸಗಿ ಮುದ್ರಣಗಳನ್ನು ಬೇರೆ ಕಡೆ ಹೇಗೆ ಇಟ್ಟುಕೊಂಡಿದ್ದಾರೆ ಎಂದು ಹುಡುಕುತ್ತ ಹೋದಾಗ ನಾನು ತಲುಪಿದ್ದು ಅಮೆರಿಕದ ಒಂದು ರಾಕ್ ತಂಡಕ್ಕೆ. ಗ್ರೇಟ್‌ಫುಲ್ ಡೆಡ್. ಕ್ಯಾಲಿಫೋರ್ನಿಯಾದಲ್ಲಿ 1965ರಲ್ಲಿ ಹುಟ್ಟಿ, 1995ರಲ್ಲಿ ಜೆರ್ರಿ ಗಾರ್ಸಿಯಾ ತೀರಿಕೊಳ್ಳುವವರೆಗೆ ಸುಮಾರು 2,300 ಕಛೇರಿ ಕೊಟ್ಟ ತಂಡ ಅದು. ಅದೇ ಹಾಡು ಒಂದು ರಾತ್ರಿ ಐದು ನಿಮಿಷ, ಇನ್ನೊಂದು ರಾತ್ರಿ ಇಪ್ಪತ್ತು. ಮನೋಧರ್ಮವೇ ಅವರ ಬಂಡವಾಳ. ಹೀಗಾಗಿ ಕೇಳುಗರಿಗೆ ಸ್ಟುಡಿಯೋ ಆಲ್ಬಮ್ಮುಗಳು ಸಾಲಲಿಲ್ಲ, ರಾತ್ರಿ ರಾತ್ರಿಯೂ ಬೇಕಾಯಿತು. ಮೈಕು ಹಿಡಿದು ಬರುವವರನ್ನು ತಂಡ ಓಡಿಸಲಿಲ್ಲ. 1984ರಲ್ಲಿ ಅವರಿಗೆಂದೇ ಸಭಾಂಗಣದಲ್ಲಿ ಬೇರೆ ಜಾಗ ಕೊಟ್ಟಿತು. ಕಟ್ಟಳೆ ಒಂದೇ: ಟೇಪು ಹಂಚಬಹುದು, ಮಾರಕೂಡದು.

ಅವರ ಸಂಗೀತ ನನಗೆ ಅಷ್ಟಾಗಿ ಹತ್ತಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಅವರ ಕೇಳುಗರ ಶಿಸ್ತು ನೋಡಿ ಬೆರಗಾದೆ. ಪ್ರತಿ ಮುದ್ರಣದ ಜೊತೆ ಒಂದು ಟಿಪ್ಪಣಿ: ಯಾವ ಮೈಕು, ಯಾವ ಯಂತ್ರ, ಯಾರಿಂದ ಯಾರಿಗೆ ಪ್ರತಿಯಾಯಿತು, ಎಲ್ಲಿ ಟೇಪು ತಿರುಗಿಸಲಾಯಿತು, ಆ ಸಂದನ್ನು ಬೇರೆ ಯಾರ ಟೇಪಿನಿಂದ ತುಂಬಲಾಯಿತು. ತಂಡದ ಧ್ವನಿ ತಜ್ಞೆ ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್ ಮುದ್ರಿಸಿದ್ದ ಸುರುಳಿಗಳು ಗೋದಾಮಿನ ಬಾಡಿಗೆ ಬಾಕಿಗಾಗಿ 1986ರಲ್ಲಿ ಹರಾಜಾಗಿ ಚದುರಿದವು. ಅವರು ಮುದ್ರಿಸಿದ್ದ 1977ರ ಮೇ 8ರ ಕಾರ್ನೆಲ್ ವಿಶ್ವವಿದ್ಯಾಲಯದ ಕಛೇರಿ ಕೇಳುಗರ ಕೈಯಿಂದ ಕೈಗೆ ಹರಿದು ಹೆಸರಾಯಿತು, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು, 2017ರಲ್ಲಿ ಅಧಿಕೃತವಾಗಿ ಹೊರಬಂತು. ನಮ್ಮ ಸಂಗೀತವೂ ಅವರಿಗೆ ದೂರದ್ದಲ್ಲ. ಇದೇ ತಂಡದ ಧ್ವನಿ ನಿರ್ವಾಹಕ ಔಸ್ಲಿ ಸ್ಟ್ಯಾನ್ಲಿ 1970ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಲಿ ಅಕ್ಬರ್ ಖಾನರ ಕಛೇರಿಯನ್ನು ಮುದ್ರಿಸಿದ್ದ. ತಬಲಾ ಹತ್ತೊಂಬತ್ತು ವರ್ಷದ ಝಾಕಿರ್ ಹುಸೇನರದು. ಆ ಟೇಪು 2020ರಲ್ಲಿ ಪ್ರಕಟವಾಯಿತು. ಐವತ್ತು ವರ್ಷ ಅದು ಕೆಡದೆ ಉಳಿದಿತ್ತು.

ನಮ್ಮಲ್ಲಿ ಹಾಗಾಗಲಿಲ್ಲ ಎಂದು ದೂರುವುದು ಸುಲಭ. ಆದರೆ ಒಂದು ವ್ಯತ್ಯಾಸವಿದೆ. ಅಲ್ಲಿ ಹಾಡುವವರು ಒಪ್ಪಿದ್ದರು. ಇಲ್ಲಿ ಕೇಳಿದವರು ಕಡಿಮೆ. ಮಾಸ್ತರರು ಯಂತ್ರವನ್ನು ಟವೆಲ್ಲಿನಲ್ಲಿ ಸುತ್ತಿ ಕಂಬದ ಮರೆಗೆ ಇಡುತ್ತಿದ್ದರಂತೆ. ಗುರುಮುಖೇನ ವರ್ಷಗಟ್ಟಲೆ ದುಡಿದು ಪಡೆದ ಚೀಜು ಯಾರದೋ ಕ್ಯಾಸೆಟ್ಟಿನಲ್ಲಿ ಊರೂರು ತಿರುಗುವುದನ್ನು ಹಳಬರು ಕಳ್ಳತನವೆಂದೇ ತಿಳಿದಿದ್ದರು, ಅದರಲ್ಲಿ ತಪ್ಪೇನೂ ಇಲ್ಲ. 1994ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆಯೂ ಪ್ರದರ್ಶನ ಕಲಾವಿದರ ಹಕ್ಕನ್ನು ಗುರುತಿಸುತ್ತದೆ. ಸ್ವಂತಕ್ಕೆ, ಅಧ್ಯಯನಕ್ಕೆ ಬಳಸಿದರೆ ಅಡ್ಡಿಯಿಲ್ಲ, ಲೋಕಕ್ಕೆ ಹಂಚಿದರೆ ಇದೆ. ನಾನು ಹೆಸರು ಬರೆಯದಿರುವುದು ಇದಕ್ಕೇ. ಆ ಗಾಯಕರ ಮನೆಯವರಿಗೆ ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ. ಬರುವವರೆಗೆ ಕಾಯಬೇಕು. ಟೇಪು ಮಾತ್ರ ಕಾಯುವುದಿಲ್ಲ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಕಂದು ಲೇಪನ ಪುಡಿಯಾಗಿ ಉದುರುತ್ತದೆ, ನುಡಿಸುವ ಯಂತ್ರಗಳು ಗುಜರಿಗೆ ಹೋಗುತ್ತವೆ. ಮಾಸ್ತರರ ಡಬ್ಬಿಯಲ್ಲೇ ಆರು ಕ್ಯಾಸೆಟ್ಟುಗಳಿಗೆ ಈಗ ದನಿಯಿಲ್ಲ. ಒಂದರ ಮೇಲೆ ಮೊಮ್ಮಗ ಸಿನಿಮಾ ಹಾಡು ತುಂಬಿಕೊಂಡಿದ್ದಾನೆ.

ಡೆಡ್ ತಂಡದವರ ಸಂದು ತುಂಬುವ ಪದ್ಧತಿ ತಲೆಯಲ್ಲಿ ಕೂತುಬಿಟ್ಟಿತ್ತು. ಅದೇ ರಾತ್ರಿಯ ಇನ್ನೊಂದು ಟೇಪು ಎಲ್ಲಾದರೂ ಇದ್ದರೆ? ಮಾಸ್ತರರು ನೆನಪಿಸಿಕೊಂಡು ಇಬ್ಬರ ಹೆಸರು ಹೇಳಿದರು. ನವಲಗುಂದದವರು ತೀರಿಕೊಂಡಿದ್ದರು, ಅವರ ಕ್ಯಾಸೆಟ್ಟುಗಳನ್ನು ಮನೆ ಕಟ್ಟಿಸುವಾಗ ಎಸೆದಿದ್ದರು. ಅಣ್ಣಿಗೇರಿಯಲ್ಲಿ ಒಂದು ಕಿರಾಣಿ ಅಂಗಡಿಯವರ ಮನೆಯಲ್ಲಿ ಸಿಕ್ಕಿತು. ತಂದೆ ಮುದ್ರಿಸಿದ್ದನ್ನು ಮಗ ಅರಿವೆಯಲ್ಲಿ ಸುತ್ತಿ, ಬೇವಿನೆಲೆ ಹಾಕಿ ಇಟ್ಟಿದ್ದರು. ಚೀಟಿಯ ಮೇಲೆ ಇಸವಿಯೂ ಇತ್ತು: 1986.

ಅಣ್ಣಿಗೇರಿಯ ತೋಡಿ ಮಾಸ್ತರರದಕ್ಕಿಂತ ತುಸು ಕೆಳಗಿನ ಶ್ರುತಿಯಲ್ಲಿ ಕೇಳಿಸುತ್ತಿತ್ತು. ಬೇರೆ ದಿನದ್ದಿರಬೇಕು ಎಂದು ಒಂದು ವಾರ ಪೆಚ್ಚಾಗಿದ್ದೆ. ಆಮೇಲೆ ಹೊಳೆಯಿತು, ಮಾಸ್ತರರದು ಶೆಲ್ಲಿನ ಮೇಲೆ ನಡೆದ ಯಂತ್ರ. ಶೆಲ್ಲು ಬತ್ತುತ್ತ ಬಂದಂತೆ ಮೋಟಾರು ನಿಧಾನವಾಗುತ್ತದೆ. ನಿಧಾನವಾಗಿ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಮೇಲೇರುತ್ತದೆ. ಅಣ್ಣಿಗೇರಿಯವರು ಕರೆಂಟಿನ ಮೇಲೆ ಮುದ್ರಿಸಿದ್ದರು. ಹಿನ್ನೆಲೆಯಲ್ಲಿ ಸಣ್ಣಗೆ ಗುಂಯ್‌ಗುಡುವ ಐವತ್ತು ಹರ್ಟ್ಸಿನ ಸದ್ದೇ ಅದರ ವೇಗಕ್ಕೆ ಸಾಕ್ಷಿ. ಅದನ್ನು ಅಳತೆಗೆ ಹಿಡಿದು ಮಾಸ್ತರರದನ್ನು ಇಳಿಸಿ ಎರಡನ್ನೂ ಒಟ್ಟಿಗೆ ಓಡಿಸಿದೆ. ಕೂಸು ಒಟ್ಟಿಗೆ ಅತ್ತಿತು. ರೈಲು ಒಟ್ಟಿಗೆ ಸೀಟಿ ಹೊಡೆಯಿತು.

ಸಂದಿನ ಜಾಗ ಬಂತು. ಮಾಸ್ತರರ ಟೇಪು ಟಕ್ ಎಂದು ನಿಂತಿತು, ಅಣ್ಣಿಗೇರಿಯದು ಮುಂದುವರಿಯಿತು. ಕೇಳಿಸಿದ್ದು ಸುತ್ತಿಗೆಯ ಸದ್ದು. ತಬಲಾ ಇಳಿದಿತ್ತು, ತಬಲಾದವರು ಕೂಡಿಸಿಕೊಳ್ಳುತ್ತಿದ್ದರು. ಯಾರೋ ನೀರು ಕೊಟ್ಟರು. ಗಾಯಕರು ಕೆಮ್ಮಿ, ಏನೋ ಅಂದರು, ಮುಂದೆ ಕೂತವರು ನಕ್ಕರು. ಎರಡು ನಿಮಿಷ ಹಾಡೇ ಇಲ್ಲ. ಮತ್ತೆ ಎತ್ತಿಕೊಂಡರು, ಮಾಸ್ತರರ ಬಿ ಬದಿ ಬಂದು ಕೂಡಿಕೊಂಡಿತು, ಪಂಚಮ ಬಂತು. ಎರಡನೆಯದಿರಬೇಕೆಂದು ನಾವಿಬ್ಬರೂ ಗಮನ ಕೊಡದೆ ಬಿಟ್ಟಿದ್ದ ಆ ಪಂಚಮವೇ ಮೊದಲನೆಯದು.

ಆಮೇಲೆ ಮಾಸ್ತರರ ಮೂಲ ಕ್ಯಾಸೆಟ್ಟನ್ನು ಮತ್ತೆ ಯಂತ್ರಕ್ಕೆ ಹಾಕಿದೆ. ಎ ಬದಿಯ ಕೊನೆಗೆ, ಹಾಡು ನಿಂತ ಮೇಲೆ, ಎರಡು ನಿಮಿಷಕ್ಕಿಂತ ಹೆಚ್ಚು ಖಾಲಿ ಟೇಪು ಉಳಿದಿತ್ತು. ಬದಿ ತುಂಬಿ ನಿಂತದ್ದಲ್ಲ, ನಿಲ್ಲಿಸಿದ್ದು. ಆ ಖಾಲಿ ಭಾಗ ಮೊದಲಿನಿಂದಲೂ ಅಲ್ಲೇ ಇತ್ತು. ಡಿಜಿಟಲ್ ಪ್ರತಿ ಮಾಡುವಾಗ ಏನೂ ಇಲ್ಲವೆಂದು ಅದನ್ನು ಕತ್ತರಿಸಿ ಹಾಕಿದವಳು ನಾನು. ಎಲ್ಲಿ ಕತ್ತರಿಸಿದೆ ಎಂದು ಬರೆದಿಟ್ಟುಕೊಂಡೂ ಇರಲಿಲ್ಲ.

ಲ್ಯಾಪ್‌ಟಾಪ್ ತೆಗೆದುಕೊಂಡು ಮಾಸ್ತರರ ಮನೆಗೆ ಹೋದೆ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದು ವ್ಯರ್ಥವಾಯಿತು, ಸುತ್ತಿಗೆಯ ಸದ್ದು ಕೇಳುತ್ತಲೇ ಅವರು ತೊಡೆ ತಟ್ಟಿಕೊಂಡರು. "ಹೌದಲ್ಲ! ಹಾಡು ನಿಂತಾಗ ತಿರುಗಸೀನಿ ನಾನು. ಏನೂ ಹೋಗಿಲ್ಲ!" ಎರಡು ಸಲ ಹಾಕಿಸಿಕೊಂಡು ಕೇಳಿದರು. ಪಂಚಮ ಬಂದಾಗ ಟೇಪಿನೊಳಗಿನ ಮಾಸ್ತರರು "ಹಾಂ" ಅನ್ನುವುದಿಲ್ಲ, ಯಂತ್ರದ ಗುಂಡಿಯ ಮೇಲೆ ಕೈಯಿತ್ತೇನೋ. ಇವರು ಈಗ ಅಂದರು.

ಸ್ವಲ್ಪ ಹೊತ್ತಿನ ಮೇಲೆ, "ಹಂಗಾದ್ರ ನನ್ನ ಕಿವ್ಯಾಗ ಇರೂದು ಯಾರ ಪಂಚಮ ತಂಗಿ?" ಎಂದು ಕೇಳಿದರು. ಇನ್ನೊಮ್ಮೆ ಗುನುಗಿ ತೋರಿಸಿದರು. ಅದೇ ತೋಡಿ, ಅದೇ ಇಳಿತ, ಮೊಬೈಲಿನಲ್ಲಿದ್ದದ್ದರಂತೆಯೇ. ಡಬ್ಬಿಯಲ್ಲಿ ಇನ್ನೂ ಮೂರು ತೋಡಿ ಇವೆಯಂತೆ. ಅವನ್ನು ಈ ಸಲ ಖಾಲಿ ಟೇಪಿನ ಸಮೇತ ಪ್ರತಿ ಮಾಡಲು ತಂದಿದ್ದೇನೆ.